ಮುಕುಂದನ ಸೀಟಿನಲ್ಲಿ ಅನುಸೂಯಾ

ಅನುಸೂಯಾಗೆ ವಿಮಾನವೆಂದರೆ ಸಿಂಗಾಪುರದಿಂದ ಬೆಂಗಳೂರಿಗೆ ಹೋಗುವ ದಾರಿ, ಅಷ್ಟೆ. ಮಗಳು ಪ್ರಣತಿ ಚಿಕ್ಕವಳಿದ್ದಾಗ ಅವಳ ವಾಂತಿಗೆ ಕವರ್ ಹಿಡಿದುಕೊಂಡು ಕೂತಿರುತ್ತಿದ್ದಳು. ಮಗಳು ದೊಡ್ಡವಳಾದ ಮೇಲೆ ಊಟದ ತಟ್ಟೆ ವಾಪಸ್ಸು ಕೊಟ್ಟ ತಕ್ಷಣ ನಿದ್ದೆ ಹೋಗುತ್ತಿದ್ದಳು. ವಿಮಾನದ ಹುಚ್ಚು ಇದ್ದದ್ದು ಗಂಡ ಮುಕುಂದನಿಗೆ.

ಮದುವೆಯಾಗಿ ಮೈಸೂರಿನಿಂದ ಸಿಂಗಾಪುರಕ್ಕೆ ಬಂದಾಗ ಅವಳಿಗೆ ಇಪ್ಪತ್ಮೂರು ವರ್ಷ. ಮುಕುಂದ ಬುಕಿತ್ ಬಾಟೋಕ್‌ನ ಒಂದು ಪಂಪ್ ಕಾರ್ಖಾನೆಯಲ್ಲಿ ಕ್ವಾಲಿಟಿ ನೋಡುವವನು. ಮನೆಗೆ ಬಂದರೆ ಹಳೆಯ ಯುದ್ಧವಿಮಾನಗಳ ಪ್ಲಾಸ್ಟಿಕ್ ಮಾಡೆಲ್ ಅಂಟಿಸುತ್ತ ಕೂರುತ್ತಿದ್ದ. ಟೋವಾ ಪಾಯೋದ ಅವರ ಫ್ಲ್ಯಾಟಿನಲ್ಲಿ ಊಟದ ಮೇಜಿನ ಅರ್ಧ ಭಾಗ ಯಾವತ್ತೂ ಯುದ್ಧಭೂಮಿಯೇ. ಧೂಳು ಹೊಡೆಯುವ ಕೆಲಸ ಅನುಸೂಯಾಳದು. ಎಲ್ಲಾದರೂ ಒಂದು ರೆಕ್ಕೆ ಮುರಿದರೆ ಎರಡು ದಿನ ಮನೆಯಲ್ಲಿ ಮಾತಿರುತ್ತಿರಲಿಲ್ಲ.

ಅವಳದು ಅಂತ ಇದ್ದದ್ದು ಹಾಡು. ಮೈಸೂರಿನಲ್ಲಿ ಚೆನ್ನಾಗಿ ಪಾಠವಾಗಿತ್ತು. ಇಲ್ಲಿ ಶಿಶುವಿಹಾರದ ಟೀಚರ್ ಆದ ಮೇಲೆ ದಿನವಿಡೀ ಮಕ್ಕಳನ್ನು ಕೂಗಿ ಕೂಗಿ ಗಂಟಲು ಒಣಗುತ್ತಿತ್ತು. ಆದರೂ ಕನ್ನಡದವರ ಕಾರ್ಯಕ್ರಮಗಳಲ್ಲಿ ವೃಂದಗಾನದ ಹಿಂದಿನ ಸಾಲಿನಲ್ಲಿ ಅವಳು ತಪ್ಪದೆ ನಿಲ್ಲುತ್ತಿದ್ದಳು. 2017ರ ಯುಗಾದಿಗೆ, ಕಾರ್ಯಕ್ರಮ ನೋಡಿಕೊಳ್ಳುವ ಭಾಗೀರಥಿ ತಾನಾಗಿಯೇ ಕೇಳಿದಳು: "ಈ ಸಲ ನೀವೊಬ್ರೇ ಹಾಡ್ತೀರಾ ಅನುಸೂಯಾ? ಒಂದು ದೇವರನಾಮ, ಸೋಲೋ." ಅಂದಿನಿಂದ ಅಡುಗೆಮನೆಯಲ್ಲಿ ಅಭ್ಯಾಸ ಶುರುವಾಯಿತು. ಹೊರಗೆ ಹಾಲ್‌ನಲ್ಲಿ ಇಂಜಿನ್ನಿನ ವಿಡಿಯೋ ನೋಡುತ್ತಿದ್ದ ಮುಕುಂದ, "ಅನು, ಸ್ವಲ್ಪ ಬಾಗಿಲು ಹಾಕ್ಕೋ" ಎನ್ನುತ್ತಿದ್ದ.

ಅದೇ ಹೊತ್ತಿಗೆ ಆಸ್ಟ್ರೇಲಿಯಾದ ಒಂದು ಕ್ಲಬ್ಬಿನವರು ರಿಪೇರಿ ಮಾಡಿ ಮತ್ತೆ ಹಾರಾಡುವಂತೆ ಮಾಡಿದ್ದ ಎರಡನೇ ಮಹಾಯುದ್ಧದ ಡಕೋಟಾ ವಿಮಾನವೊಂದು ಸೆಲೆಟಾರ್ ಏರ್‌ಪೋರ್ಟಿಗೆ ಬಂತು. ವಾರಾಂತ್ಯದಲ್ಲಿ ಜನರನ್ನು ಕೂರಿಸಿಕೊಂಡು ಒಂದು ಸುತ್ತು ಹಾಕಿಸುತ್ತಾರೆ ಎಂದು ಗೊತ್ತಾದಾಗ ಪ್ರಣತಿ ಅಪ್ಪನ ಅರವತ್ತನೇ ಹುಟ್ಟುಹಬ್ಬಕ್ಕೆ ಒಂದು ಸೀಟು ಬುಕ್ ಮಾಡಿದಳು. ಮುಕುಂದ ಆ ಟಿಕೆಟನ್ನು ಪ್ರಿಂಟ್ ಮಾಡಿಸಿ ಫ್ರಿಜ್ಜಿಗೆ ಅಂಟಿಸಿಕೊಂಡ.

ಹಾರುವುದಕ್ಕೆ ಹತ್ತು ದಿನ ಇರುವಾಗ ಅವನ ಬಲಗಣ್ಣಿಗೆ ಕಪ್ಪು ಪರದೆ ಇಳಿದಂತಾಯಿತು. ಕಣ್ಣಿನ ಒಳಪದರ ಹರಿದಿತ್ತು. ಆಪರೇಷನ್ ಮಾಡಿ, ಆ ಪದರ ಮತ್ತೆ ಅಂಟಿಕೊಳ್ಳಲಿ ಎಂದು ಕಣ್ಣೊಳಗೆ ಅನಿಲದ ಗುಳ್ಳೆಯೊಂದನ್ನು ಬಿಟ್ಟರು. ದಿನದ ಹೆಚ್ಚಿನ ಹೊತ್ತು ತಲೆ ಬಗ್ಗಿಸಿಕೊಂಡೇ ಇರಬೇಕು. ಮೇಲೆ ಹಾರಿದರೆ ಗುಳ್ಳೆ ಹಿಗ್ಗಿ ಕಣ್ಣೇ ಹೋಗಬಹುದು, ಗುಳ್ಳೆ ಕರಗುವ ತನಕ ವಿಮಾನದ ಮಾತೇ ಬೇಡ ಎಂದ ಡಾಕ್ಟರು ಅವನ ಕೈಗೆ ಎಚ್ಚರಿಕೆಯ ಹಸಿರು ಪಟ್ಟಿಯನ್ನೂ ಕಟ್ಟಿಸಿ ಕಳಿಸಿದರು.

"ಅದೇನು ತುಂಬಾ ಮೇಲೆ ಹೋಗಲ್ಲ ಡಾಕ್ಟರ್" ಎಂದು ಮುಕುಂದ ನೆಲ ನೋಡಿಕೊಂಡೇ ವಾದ ಮಾಡಿದ. ಡಾಕ್ಟರು ಮುಂದಿನ ಪೇಷೆಂಟನ್ನು ಕರೆದರು.

ಟಿಕೆಟಿನ ಹಣ ವಾಪಸ್ಸಿಲ್ಲ, ಹೆಸರು ಮಾತ್ರ ಬದಲಾಯಿಸಬಹುದು. ಪ್ರಣತಿ ಆಫೀಸಿನ ಕೆಲಸದ ಮೇಲೆ ಹಾಂಗ್‌ಕಾಂಗಿನಲ್ಲಿದ್ದಳು. "ಅಮ್ಮ, ನೀನೇ ಹೋಗ್ಬಾ. ಸುಮ್ನೆ ವೇಸ್ಟ್ ಆಗುತ್ತೆ ಲಾ" ಎಂದು ಸಿಂಗಾಪುರದವರ ಧಾಟಿಯಲ್ಲಿ ಹೇಳಿ, ಅಲ್ಲಿಂದಲೇ ಹೆಸರು ಬದಲಾಯಿಸಿಬಿಟ್ಟಳು.

"ನನಗ್ಯಾಕ್ರೀ ಅದೆಲ್ಲ?" ಎಂದಳು ಅನುಸೂಯಾ.

ಮುಕುಂದ ಮೇಜಿನ ಮೇಲಿನ ದಿಂಬಿಗೆ ಹಣೆ ಒತ್ತಿಕೊಂಡು ಕೂತಿದ್ದ. ಮಾತು ದಿಂಬಿನೊಳಗಿಂದ ಬಂತು. "ಇಂಜಿನ್ ಸ್ಟಾರ್ಟ್ ಆಗೋದ್ರಿಂದ ಲ್ಯಾಂಡ್ ಆಗೋವರೆಗೂ ವಿಡಿಯೋ ಮಾಡು. ನಿನ್ನ ಫೋನ್ ಬೇಡ, ನನ್ನದು ತಗೊಂಡು ಹೋಗು. ಕೈ ಅಲ್ಲಾಡಿಸ್ಬೇಡ. ಮಧ್ಯೆ ಮಾತಾಡ್ಬೇಡ, ಸೌಂಡ್ ಹಾಳಾಗುತ್ತೆ."

ಶನಿವಾರ ಅವಳು ಸೆಲೆಟಾರ್ ತಲುಪುವ ಹೊತ್ತಿಗೆ ಆಕಾಶ ಕಪ್ಪಾಗಿ ಗಾಳಿಮಳೆ ಬಡಿಯತೊಡಗಿತು. ಹ್ಯಾಂಗರಿನ ಪಕ್ಕದ ಟೆಂಟಿನಲ್ಲಿ ಪ್ಲಾಸ್ಟಿಕ್ ಕುರ್ಚಿಗಳು. ಮಳೆ ಒಳಗೂ ಎರಚುತ್ತಿತ್ತು. ಕ್ಲಬ್ಬಿನ ಹುಡುಗಿಯೊಬ್ಬಳು ಆಗಾಗ ಬಂದು ನೀರಿನ ಬಾಟಲಿ ಕೊಟ್ಟು, ಇನ್ನು ಸ್ವಲ್ಪ ಹೊತ್ತು ಎಂದು ನಗುತ್ತಿದ್ದಳು. ಕೊನೆಗೆ ಮಧ್ಯಾಹ್ನ ಹಸಿವಿನಿಂದ ಎಲ್ಲರ ಮುಖ ಬಾಡಿದ ಮೇಲೆ ಬಂದು, ಇವತ್ತಿಲ್ಲ, ನಾಳೆ ಬೆಳಿಗ್ಗೆ ಬನ್ನಿ ಎಂದಳು.

ನಾಳೆ ಬೆಳಿಗ್ಗೆಯೇ ಕಲ್ಲಾಂಗ್‌ನ ಸಭಾಂಗಣದಲ್ಲಿ ಯುಗಾದಿ ಕಾರ್ಯಕ್ರಮ.

ಅನುಸೂಯಾ ಅಲ್ಲಿಂದಲೇ ಭಾಗೀರಥಿಗೆ ಫೋನ್ ಮಾಡಿದಳು. "ನನ್ನ ಹಾಡನ್ನ ಕೊನೆಗೆ ಹಾಕೋಕಾಗುತ್ತಾ?"

"ಅಯ್ಯೋ, ಕೊನೇಲಿ ಮಕ್ಕಳ ಡ್ಯಾನ್ಸ್ ಇದೆ. ಆಮೇಲೆ ಊಟ, ಹಾಲ್ ಖಾಲಿ ಮಾಡ್ಬೇಕು. ಏನಾಯ್ತು?"

"ನೋಡಿ ಹೇಳ್ತೀನಿ" ಎಂದು ಮನೆಗೆ ಫೋನ್ ಮಾಡಿದರೆ ಮುಕುಂದ, "ಹಾಡು ಮುಂದಿನ ವರ್ಷನೂ ಹಾಡಬಹುದು ಅನು. ಡಕೋಟಾ ಮತ್ತೆ ಬರುತ್ತಾ?" ಎಂದ. ಬಸ್ಸಿನಲ್ಲಿ ಕೂತ ಮೇಲೆ ಅವಳಿಗೆ ಉತ್ತರಗಳು ಒಂದರ ಮೇಲೊಂದು ಹೊಳೆದವು. ಒಂದೊಂದನ್ನೂ ಹಲ್ಲು ಕಚ್ಚಿಕೊಂಡು ತನಗೆ ತಾನೇ ಹೇಳಿಕೊಂಡಳು. ಆದರೆ ಮನೆಗೆ ಬಂದಾಗ ಅವನು ಕತ್ತು ಮುರಿದ ಗೊಂಬೆಯ ಹಾಗೆ ಬಗ್ಗಿ ಕೂತು, ತಟ್ಟೆಯಲ್ಲಿ ತಣ್ಣಗಾದ ಅನ್ನವನ್ನು ತಡಕಾಡುತ್ತಿದ್ದ. ಬೈಯಲು ಆಗಲಿಲ್ಲ. ಇಸ್ತ್ರಿ ಮಾಡಿಟ್ಟಿದ್ದ ರೇಷ್ಮೆ ಸೀರೆಯನ್ನು ಬೀರುವಿಗೆ ವಾಪಸ್ಸಿಟ್ಟು, ಭಾಗೀರಥಿಗೆ ತಾನು ಬರುತ್ತಿಲ್ಲವೆಂದು ತಿಳಿಸಿದಳು.

ಭಾನುವಾರ ಬಿಸಿಲು ಚುರುಗುಟ್ಟುತ್ತಿತ್ತು. ಡಕೋಟಾ ಮೂತಿ ಎತ್ತಿ, ಬಾಲ ನೆಲಕ್ಕೆ ಊರಿ ನಿಂತಿತ್ತು. ಇಂಜಿನ್ನಿನಿಂದ ತೊಟ್ಟಿಕ್ಕುವ ಎಣ್ಣೆಗೆ ಕೆಳಗೆ ಟ್ರೇ ಇಟ್ಟಿದ್ದರು. ಇದಕ್ಕೋಸ್ಕರ ನನ್ನ ಹಾಡು ಹೋಯಿತೇ ಎನಿಸಿತು ಅವಳಿಗೆ. ಹಿಂದಿನ ಬಾಗಿಲಿನಿಂದ ಹತ್ತಿದರೆ ಒಳಗೆ ನೆಲವೇ ದಿಣ್ಣೆ. ಕಂಬಿ ಹಿಡಿದುಕೊಂಡು ಮೇಲೇರಬೇಕು. ಎರಡೂ ಗೋಡೆಗೆ ಬೆನ್ನು ಹಾಕಿ ಎದುರುಬದುರು ಕೂರುವ ತಗಡಿನ ಸೀಟುಗಳು. ಕಿಟಕಿ ಬೆನ್ನ ಹಿಂದೆ. ಕಾದ ಕಬ್ಬಿಣದ, ಪೆಟ್ರೋಲಿನ ವಾಸನೆ. ಕಿವಿಗೆ ಸ್ಪಂಜಿನ ಬಿರಡೆ ಕೊಟ್ಟರು.

ಇಂಜಿನ್ ಕೆಮ್ಮಿ ಹೊಗೆ ಕಾರಿತು. ಅವಳು ಮುಕುಂದನ ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಕತ್ತು ತಿರುಚಿಕೊಂಡು ವಿಡಿಯೋ ಶುರುಮಾಡಿದಳು. ವಿಮಾನ ಓಡತೊಡಗಿತು, ಬಾಲ ಎದ್ದಿತು, ನೆಲ ಸಮವಾಯಿತು. ಅಷ್ಟರಲ್ಲಿ ಫೋನ್ ತೆರೆಯ ಮೇಲೆ ಒಂದು ಸೂಚನೆ: ಜಾಗ ತುಂಬಿದೆ. ಗಂಡನ ಮಾಡೆಲುಗಳ ಫೋಟೋಗಳಿಗೇ ಅದರ ಹೊಟ್ಟೆ ಬಿರಿಯುತ್ತಿತ್ತು. ಯಾವುದನ್ನಾದರೂ ಅಳಿಸಲು ಅವಳಿಗೆ ಧೈರ್ಯ ಬರಲಿಲ್ಲ. ಸಿಟ್ಟಿನಿಂದ ಫೋನನ್ನು ಚೀಲಕ್ಕೆ ತುರುಕಿದಳು.

ವಿಮಾನ ಮೇಲೇರಿದ ಮೇಲೆಯೇ ಅವಳು ಹೊರಗೆ ನೋಡಿದ್ದು. ಉಬಿನ್ ದ್ವೀಪದ ಹಸಿರು ಎಷ್ಟು ಹತ್ತಿರ! ತೆಂಗಿನ ಮರಗಳನ್ನು ಒಂದೊಂದಾಗಿ ಗುರುತಿಸಬಹುದಿತ್ತು. ನೀರಿನ ಮೇಲೆ ತಮ್ಮದೇ ವಿಮಾನದ ನೆರಳು ಹಡಗುಗಳ ನಡುವೆ ಓಡುತ್ತಿತ್ತು. ತಗಡು ಗಡಗಡ ನಡುಗಿ ಅವಳ ಬೆನ್ನು, ಹಲ್ಲು ಎಲ್ಲ ನಡುಗುತ್ತಿದ್ದವು. ಹೋಗಿದ್ದರೆ ಈಗ ಅಲ್ಲಿ ನನ್ನ ಹೆಸರು ಕರೆಯುತ್ತಿದ್ದರೋ ಏನೋ ಎಂದುಕೊಂಡಳು. ಆ ಸದ್ದಿನಲ್ಲಿ ಯಾರಿಗೆ ಏನು ಕೇಳಬೇಕು? ಬಾಯಿಬಿಟ್ಟು ದೇವರನಾಮವನ್ನು ಹಾಡಿಯೇಬಿಟ್ಟಳು. ಪಲ್ಲವಿಯಿಂದ ಕೊನೆಯ ಚರಣದವರೆಗೆ, ಪೂರ್ತಿ ಗಂಟಲಿನಲ್ಲಿ. ಅವಳ ದನಿ ಅವಳಿಗೇ ಕೇಳಿಸಲಿಲ್ಲ. ಪಕ್ಕದಲ್ಲಿದ್ದ ಬಿಳಿಯ ಹೆಂಗಸು, ಪಾಪ ಹೆದರಿ ದೇವರನ್ನು ಕರೆಯುತ್ತಿದ್ದಾಳೆ ಎಂದುಕೊಂಡು ಅವಳ ಕೈಯನ್ನು ಇಳಿಯುವ ತನಕ ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ಮನೆಯಲ್ಲಿ ಮುಕುಂದ ಕಾಯುತ್ತಿದ್ದ. ವಿಡಿಯೋ ನೋಡಿ, "ಇಷ್ಟೇನಾ?" ಎಂದ.

"ಫೋನ್ ಫುಲ್ ಆಗೋಯ್ತು."

"ಟೇಕಾಫೇ ಇಲ್ವಲ್ಲ ಅನು! ಯಾವ ಇಂಜಿನ್ ಮೊದ್ಲು ಸ್ಟಾರ್ಟ್ ಮಾಡಿದ್ರು? ಕಾಕ್‌ಪಿಟ್ ನೋಡಿದ್ಯಾ? ಸ್ಪೀಡ್ ಎಷ್ಟಿತ್ತು?"

"ಗೊತ್ತಿಲ್ಲ."

"ಒಂದು ಕೆಲಸ ಹೇಳಿದ್ದೆ" ಎಂದ ಅವನು ಮತ್ತೆ ದಿಂಬಿಗೆ ಮುಖ ಒತ್ತಿಕೊಂಡ. ಹೇಗಿತ್ತು ಎಂದು ಮಾತ್ರ ಅವನು ಕೇಳಲೇ ಇಲ್ಲ. ಅವಳು ಒಳಗೆ ಹೋಗಿ ಪಾತ್ರೆಗಳನ್ನು ಸದ್ದು ಮಾಡುತ್ತ ತೊಳೆದಳು. ಸಂಜೆ ಭಾಗೀರಥಿ ಕಾರ್ಯಕ್ರಮದ ವಿಡಿಯೋಗಳನ್ನು ಕಳಿಸಿದಾಗ ಒಂದನ್ನೂ ತೆರೆಯಲಿಲ್ಲ.

ಮಾರನೆಯ ದಿನ ಮುಕುಂದನ ಗೆಳೆಯ ಪಟ್ಟಾಭಿರಾಮ ಫೋನ್ ಮಾಡಿದ. ಸ್ಪೀಕರ್ ಹಾಕಿಕೊಂಡು ಮುಕುಂದ ಹೇಳುತ್ತಿದ್ದ: "ಏನಿಲ್ಲಪ್ಪ, ಅನು ಹೋಗಿದ್ಲು. ಅವಳಿಗೆ ಅದೆಲ್ಲ ಏನ್ ಗೊತ್ತಾಗುತ್ತೆ? ಸೀಟು ದಂಡ ಆಯ್ತು."

ಹುರುಳಿಕಾಯಿ ಹೆಚ್ಚುತ್ತಿದ್ದ ಅನುಸೂಯಾ ಚಾಕು ಕೆಳಗಿಟ್ಟು ಬಂದಳು. ಮೇಜಿನ ಮೇಲಿದ್ದ ಫೋನನ್ನು ಎತ್ತಿಕೊಂಡಳು.

"ಪಟ್ಟಾಭಿರಾಮ್ ಅವ್ರೇ, ಹಾರಿದ್ದು ನಾನು. ನನ್ನ ಕೇಳಿ, ಹೇಳ್ತೀನಿ."

"ಹೇಳಿ ಹೇಳಿ, ಹೇಗಿತ್ತು?" ಎಂದ ಅವನು.

ಅವಳು ಕುರ್ಚಿ ಎಳೆದುಕೊಂಡು ಗಂಡನ ಎದುರಿಗೇ ಕೂತು ಶುರುಮಾಡಿದಳು. ಮಳೆ, ಟೆಂಟು, ಎಣ್ಣೆಯ ಟ್ರೇ, ದಿಣ್ಣೆಯಂಥ ನೆಲ, ಬಾಲ ಎದ್ದಾಗ ಅದು ಸಮವಾದದ್ದು, ನೀರಿನ ಮೇಲಿನ ನೆರಳು. ಪಟ್ಟಾಭಿರಾಮ ಮಧ್ಯೆ ಮಧ್ಯೆ, "ಹೌದಾ? ಆಮೇಲೆ?" ಎನ್ನುತ್ತಿದ್ದ. ಮುಕುಂದ ತಲೆ ಎತ್ತುವ ಹಾಗಿರಲಿಲ್ಲ. ಎದ್ದು ಹೋಗಲೂ ಇಲ್ಲ. ಸ್ವಲ್ಪ ಹೊತ್ತಾದ ಮೇಲೆ ದಿಂಬಿನೊಳಗಿಂದ ಅವನ ದನಿ ಬಂತು. "ನೆರಳು ಯಾವ ಕಡೆ ಕಾಣಿಸ್ತಿತ್ತು ಅನು?"

"ಸುಮ್ನಿರಿ," ಎಂದಳು ಅನುಸೂಯಾ, "ನಾನು ಮಾತಾಡ್ತಿದೀನಿ."