ಹತ್ತಿಹೂವಿನ ಹೊತ್ತಿಗೆ ಸನ್ಮಾನ

ಗೆಳೆಯರೇ, ಇವತ್ತು ಬೆಳಿಗ್ಗೆ ಐಜ ಪಟ್ಟಣದಲ್ಲಿ ರೈತ ಮಹಿಳೆಯರ ಸನ್ಮಾನವಿತ್ತು. ಅದಕ್ಕೆ ಬೀರಮ್ಮನ ಹೆಸರು ಸೂಚಿಸಿದವಳು ನಾನೇ. ಹತ್ತಿಬೀಜ ಬೆಳೆಯುವುದರಲ್ಲಿ ಅವಳನ್ನು ಮೀರಿಸುವವರು ಈ ಕಡೆ ಇಲ್ಲ.

ಮುಖ್ಯ ಅತಿಥಿ ಬಂದಿರಲಿಲ್ಲ. ಬೀರಮ್ಮ ಮುಂದಿನ ಸಾಲಿನಲ್ಲಿ ಕೂತು ಹೊರಗಿನ ಬಿಸಿಲನ್ನೇ ನೋಡುತ್ತಿದ್ದಳು.

"ಅಕ್ಕಾ, ಸಾಹೇಬ್ರು ಎಲ್ಲದಾರ್ರೀ?"

"ದಾರ್ಯಾಗ ಅದಾರಂತ."

"ನಿನ್ನಿ ಸಂಜೀಕ ಹತ್ತಿ ಮೊಗ್ಗಿನ ಗಂಡು ಕೇಸರ ಸುಲಿದು ಬಂದೀನ್ರಿ. ಬಿಸಿಲೇರೂದ್ರಾಗ ಗಂಡುಹೂವು ಮುಟ್ಟಿಸ್ಲಿಲ್ಲಂದ್ರ ಎಲ್ಲಾ ಉದುರತಾವ, ಕಾಯಿ ಕಟ್ಟಂಗಿಲ್ಲ."

"ಮನಿಯವ್ರು ಮಾಡಂಗಿಲ್ಲೇನು?"

"ಅವ್ರಾ? ಹಿಂದ ಕುಂತಾರ ನೋಡ್ರಿ, ಫೋಟೋಕ್ಕಂತ ಹೊಸ ಅಂಗಿ ಹಾಕ್ಕೊಂಡು."

ಹತ್ತು ಗಂಟೆಗೆ ಎಂದು ಸಮಯ ಇಟ್ಟವಳೂ ನಾನೇ. ಅತಿಥಿಗಳನ್ನು ಕೇಳಿದ್ದೆ, ಅವಳನ್ನು ಕೇಳಬೇಕೆಂದು ಹೊಳೆದೇ ಇರಲಿಲ್ಲ. ಶಾಲು ಈಗಲೇ ಹೊದಿಸಿ ಕಳಿಸೋಣವೆಂದರೆ ಜೊತೆಗಿದ್ದ ಸಂಘಟಕರು, "ಸಾಹೇಬ್ರ ಕೈಲೇ ಆಗಬೇಕ್ರಿ ಮೇಡಂ" ಎಂದರು.

"ನೀ ಹೋಗವ್ವ" ಎಂದೆ. ಬೀರಮ್ಮ ಸೆರಗು ಸಿಕ್ಕಿಸಿಕೊಂಡು ಓಡಿ ಆಟೋ ಹತ್ತಿದಳು.

ಮಧ್ಯಾಹ್ನ ಅತಿಥಿ ಬಂದರು. ಅವಳ ಖಾಲಿ ಕುರ್ಚಿಯ ಎದುರು ನಿಂತು, "ನಮ್ಮ ಹೆಣ್ಮಕ್ಕಳು ಮುಂದ ಬರಬೇಕ್ರಿ" ಎಂದು ಭಾಷಣ ಮಾಡಿದರು. ಶಾಲನ್ನು ಅವಳ ಗಂಡನಿಗೆ ಹೊದಿಸಿದರು.

ಸಂಜೆಯಾಯಿತು, ಬೀರಮ್ಮ ಫೋನ್ ಎತ್ತುತ್ತಿಲ್ಲ. ಹೊಲ ಮುಟ್ಟುವ ಹೊತ್ತಿಗೆ ಹೂವು ಉಳಿದಿದ್ದವೋ ಇಲ್ಲವೋ ಗೊತ್ತಿಲ್ಲ. ಗಂಡ ಮಾತ್ರ ಸ್ಟೇಟಸ್ ಹಾಕಿದ್ದಾನೆ. ಹೆಗಲ ಮೇಲೆ ಶಾಲು, ಕೈಯಲ್ಲಿ ಫಲಕ: "ಉತ್ತಮ ರೈತ ಮಹಿಳೆ".