ನೀಲಿ ಕೌದಿಯ ನಾಲ್ಕನೇ ಮೂಲೆ

ಬೆಳಿಗ್ಗೆ ಹೊಲಿಗೆ ಮೆಷಿನ್ ಸರಿಸಿ ಗುಡಿಸುತ್ತಿದ್ದೆ. ಅದರ ಹಿಂದಿನಿಂದ ನೀಲಿ ಬಟ್ಟೆಯ ಪುಟ್ಟ ಮುಕ್ಕೋನದ ತುಂಡೊಂದು ಹೊರಬಂತು. ಹೋದ ವರ್ಷ ಇದಕ್ಕಾಗಿ ಕಸದ ಡಬ್ಬಿಯನ್ನೇ ಬೋರಲು ಹಾಕಿದ್ದೆ ಕಣ್ರೀ, ಆಗ ಸಿಕ್ಕಿರಲಿಲ್ಲ. ಇದರ ಕಥೆ ಹೇಳಿದರೆ ನನ್ನ ಮಾನ ಹೋಗುತ್ತದೆ. ಹೋಗಲಿ, ಹೇಳದೆ ಇರಲಾರೆ.

ಹೋದ ವರ್ಷ ಟೆಕ್ಸಾಸಿನ ಕಾಪೆಲ್‌ನಲ್ಲಿ ನಮ್ಮ ಕನ್ನಡಿಗರ ಯುಗಾದಿ ಊಟ. ಬಾಗಿಲಲ್ಲಿ ಸ್ವಾಗತಕ್ಕೆ ನಾನು. ಗುಂಗುರು ಕೂದಲಿನ ಕಪ್ಪು ಹುಡುಗಿಯೊಬ್ಬಳು ಬಂದಳು. ಇದು ನಮ್ಮ ಹೊಸ ವರ್ಷ, ಬೇವು ಕಹಿ, ಹುಳಿ ಸ್ವಲ್ಪ ಖಾರ ಎಂದೆಲ್ಲ ನಯವಾದ ಇಂಗ್ಲಿಷಿನಲ್ಲಿ ಉಪನ್ಯಾಸ ಕೊಟ್ಟೆ. ಪೂರ್ತಿ ಕೇಳಿಸಿಕೊಂಡು ಅವಳು, "ಹೋಳಿಗಿ ಖಾಲಿ ಆಗ್ಯಾವೇನ್ರಿ, ಆಂಟಿ?" ಅಂದಳು. ನೆಲ ಬಾಯಿಬಿಡಬಾರದೇ ಅನ್ನಿಸಿತು. ಅವಳು ಶಾಂತಾ, ಹಳಿಯಾಳದ ಕಡೆಯ ಸಿದ್ದಿ ಹುಡುಗಿ, ಇಲ್ಲಿ ಕಲೆ ಓದಲು ಬಂದವಳು. ಶತಮಾನಗಳ ಹಿಂದೆ ಅವಳ ಹಿರಿಯರನ್ನು ಆಫ್ರಿಕಾದಿಂದ ಹಡಗಿನಲ್ಲಿ ಗೋವೆಗೆ ತಂದು ಮಾರಿದ್ದರಂತೆ. ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ಮೈಸೂರಿನಲ್ಲಿ ಓದಿ ಬೆಳೆದ ನನಗೆ ಇದು ಗೊತ್ತಾಗಲು ಟೆಕ್ಸಾಸಿಗೆ ಬರಬೇಕಾಯಿತು!

ಕಡಲು ದಾಟಿಸಲ್ಪಟ್ಟ ಕಪ್ಪು ಜನರ ಕುರಿತು ಹ್ಯೂಸ್ಟನ್ನಿನಲ್ಲೊಂದು ಕಲಾಪ್ರದರ್ಶನ ಏರ್ಪಟ್ಟಿತ್ತು. ಅದಕ್ಕೆ ಶಾಂತಾಳ ಕೌದಿ ಆಯ್ಕೆಯಾಗಿತ್ತು. ಸಹಪಾಠಿಗಳ ಹಳೇ ಜೀನ್ಸು, ನನ್ನೆರಡು ಸೀರೆ, ಎಲ್ಲ ಸೇರಿ ಗೋಡೆಯಗಲದ ನೀಲಿ ಸಮುದ್ರ; ನಡುವೆ ಅಂಗೈಯಷ್ಟು ಕಂದು ಹಡಗು. ಅವಳಿಗೆ ಕೌದಿ ಹೊಲಿಯಲು ಕಲಿಸಿದ ಊರಿನ ಅಜ್ಜಿ ಮಾತ್ರ ಒಪ್ಪಿರಲಿಲ್ಲ. ಕೌದಿ ಇರುವುದು ಹೊದೆಯಲು, ಗೋಡೆಗೆ ನೇತುಹಾಕಲಲ್ಲ ಎಂದು ಅವರ ವಾದ. ಅಜ್ಜಿ ಹೂಂ ಅನ್ನದೆ ತೂಗುಹಾಕುವುದಿಲ್ಲವೆಂದು ಇವಳ ಹಟ.

ಹ್ಯೂಸ್ಟನ್ನಿಗೆ ಹೊರಡುವ ಹಿಂದಿನ ದಿನ ಕೌದಿಯನ್ನು ನಮ್ಮ ಮನೆಯಲ್ಲಿ ಹರಡಿಟ್ಟು ಹೋದಳು. ನನಗೋ ಚೊಕ್ಕತನದ ಕಾಯಿಲೆ. ನಾಲ್ಕು ಮೂಲೆಗಳಲ್ಲೂ ಪುಟ್ಟ ಮುಕ್ಕೋನದ ತುಂಡುಗಳು ಚಾಚಿಕೊಂಡಿದ್ದವು. ಪಾಪ, ಹುಡುಗಿಗೆ ಪುರುಸೊತ್ತಾಗಿಲ್ಲವೆಂದು ಕಚಕಚನೆ ಕತ್ತರಿಸಿ, ಇಸ್ತ್ರಿಯನ್ನೂ ಹಾಕಿದೆ! ಬೆಳಗಿನ ಜಾವ ಬಂದವಳು ಮೂಲೆ ಮುಟ್ಟಿ ನೋಡಿ ನೆಲದ ಮೇಲೆ ಕೂತುಬಿಟ್ಟಳು.

"ಅವು ಫೂಲ ರೀ, ಆಂಟಿ. ಮೂಲ್ಯಾಗ ಆ ಹೂವು ಇಲ್ಲಂದ್ರ ಕೌದಿ ಬತ್ತಲಿ ಇದ್ದಂಗ."

ಬೈದಿದ್ದರೆ ವಾಸಿಯಿತ್ತು. ಕಸದಲ್ಲಿ ಮೂರು ಸಿಕ್ಕವು. ಹುಡುಕುತ್ತಾ ಕೂರಲು ಹೊತ್ತಿರಲಿಲ್ಲ. ನಮ್ಮವರು ಕಾರು ಓಡಿಸಿದರು, ಹಿಂದಿನ ಸೀಟಿನಲ್ಲಿ ತೊಡೆ ತುಂಬ ಸಮುದ್ರ ಹೊದ್ದುಕೊಂಡು ನಾವಿಬ್ಬರೂ ಹೊಲಿದೆವು. ನಾಲ್ಕನೆಯದಕ್ಕೆ ನನ್ನ ದುಪಟ್ಟಾದ ಅಂಚು ಹರಿದು ಕೊಟ್ಟೆ. ಹೊಲಿಯುವ ಕೆಲಸವನ್ನೂ ಶಾಂತಾ ನನಗೇ ಒಪ್ಪಿಸಿದಳು. ದಾರಿಯುದ್ದಕ್ಕೂ ಸೂಜಿ ಚುಚ್ಚಿಸಿಕೊಂಡೆ, ಆದರೆ ಆ ಖುಷಿಯನ್ನು ಹೇಗೆ ಹೇಳಲಿ!

ಹ್ಯೂಸ್ಟನ್ನಿನ ಆ ದೊಡ್ಡ ಬಿಳಿ ಕೋಣೆಯ ನೆಲದಲ್ಲಿ ಕೌದಿ ಬಿಡಿಸಿ ಅಜ್ಜಿಗೆ ವಿಡಿಯೋ ಕಾಲ್ ಮಾಡಿದಳು. ಊರಲ್ಲಿ ಆಗ ರಾತ್ರಿ ಊಟದ ಹೊತ್ತು. ಅಜ್ಜಿ ಮೊದಲು ನೋಡಿದ್ದೇ ಮೂಲೆಗಳನ್ನು. ನಾಲ್ಕನೆಯದು ಸೊಟ್ಟ ಯಾಕೆಂದು ಕೇಳಿದರು. ಕಲಿಯುವವರ ಕೈ ಎಂದಳು ಶಾಂತಾ. ಆಮೇಲೆ ಫೋನನ್ನು ನಿಧಾನವಾಗಿ ಈ ತುದಿಯಿಂದ ಆ ತುದಿಗೆ ಒಯ್ದಳು. ಅಜ್ಜಿ ಮುಖವನ್ನು ಪರದೆಯ ಹತ್ತಿರ ತಂದರು.

"ಇಷ್ಟ್ ನೀರು ದಾಟಿ ಬಂದಾರೇನ ನಮ್ಮ ಮಂದಿ?"

"ಹೌದಬೇ."

"ಹಂಗಾರ ಹೊದಿಯಾಕ ಬ್ಯಾಡ. ತೂಗ ಹಾಕು. ಎಲ್ಲಾರೂ ನೋಡ್ಲಿ."

ಶಾಂತಾ ಏಣಿ ಹತ್ತಿದಳು. ನಾನು ಕೆಳಗೆ ಏಣಿ ಹಿಡಿದು ಗಟ್ಟಿಯಾಗಿ ಅತ್ತೆ.

ಹ್ಯೂಸ್ಟನ್ನಿನಾಚೆಯ ಗ್ಯಾಲ್ವೆಸ್ಟನ್ ಬೀಚಿಗೆ ಎಷ್ಟು ವರ್ಷದಿಂದ ಹೋಗುತ್ತಿದ್ದೇವೋ, ಲೆಕ್ಕವಿಲ್ಲ. ಚಿತ್ರಾನ್ನ ತಿಂದು, ಫೋಟೋ ತೆಗೆದು ಬರುವುದು. ಆ ದಂಡೆಗೂ ಸರಪಳಿಯಲ್ಲಿ ಜನರನ್ನು ಇಳಿಸಿದ್ದರೆಂದು ಶಾಂತಾಳಿಂದ ತಿಳಿಯಿತು. ಮೊನ್ನೆ ಹೋದಾಗ ಚಪ್ಪಲಿಯನ್ನು ಕಾರಿನ ಹತ್ತಿರವೇ ಬಿಟ್ಟೆ. ಮರಳು ಕಾದಿತ್ತು. ನೀರಿನವರೆಗೂ ಬರಿಗಾಲಲ್ಲೇ ನಡೆದೆ.