ಆ ಕಂಪ್ಯೂಟರಿಗೆ ಚಿಕ್ಕದೇ ಸಾಕಿತ್ತು

ನಿಮ್ಮ ಕೈಯಲ್ಲಿ ಯಾವ ದೋಷವೂ ಇರಲಿಲ್ಲ, ನಾಗರತ್ನ. ಅದು ನನಗೆ ಗೊತ್ತಿತ್ತು. ನೀವು ನನ್ನೆದುರು ಕೂತು ಕೇಳಿದ ದಿನವೇ ಗೊತ್ತಿತ್ತು — ಗೊತ್ತಿದ್ದೂ “ಇರಬಹುದು” ಎಂದೆ. ಬಾಯಿತಪ್ಪಿ ಬಂದ ಮಾತಲ್ಲ ಅದು, ಅವಸರದಲ್ಲಿ ಆಡಿದ್ದೂ ಅಲ್ಲ. ಬೇಕೆಂದೇ ಆಡಿದ್ದು. ನಿಮ್ಮ ಅಣ್ಣ ರುದ್ರೇಶನ ಮೇಲಿನ ಸೇಡು ನನ್ನದು. ಬಿದ್ದದ್ದು ನಿಮ್ಮ ಮೇಲೆ.

ಇಪ್ಪತ್ತು ವರ್ಷಕ್ಕೂ ಮೇಲಾಯಿತು. ಇದನ್ನು ಬರೆಯಲು ಕೂತಾಗಲೆಲ್ಲ ನಿಮ್ಮ ಅಣ್ಣ ಮಾಡಿದ್ದರಿಂದಲೇ ಶುರುಮಾಡುತ್ತಿದ್ದೆ. ಹಾಗೆ ಶುರುಮಾಡಿದರೆ ನಾನು ಮಾಡಿದ್ದು ಅರ್ಧ ಸರಿ ಎನ್ನಿಸಿಬಿಡುತ್ತಿತ್ತು. ಅದಕ್ಕೇ ಈ ಸಲ ಮೊದಲು ನನ್ನದು ಹೇಳಿದೆ. ಈಗ ಅವನದು.

ನಾನೂ ಹರಿಹರದವಳೇ — ಇದು ನಿಮಗೆ ಗೊತ್ತಿರಲಿಲ್ಲ. ನೀವು ನನ್ನನ್ನು ಕಂಡದ್ದು ದಾವಣಗೆರೆಯ ಕೆ.ಬಿ. ಬಡಾವಣೆಯ ಕಂಪ್ಯೂಟರ್ ಸೆಂಟರಿನಲ್ಲಿ, ವಿಜಯಾ ಮೇಡಂ ಆಗಿ. ಅದಕ್ಕೂ ಮೂರು ವರ್ಷ ಮೊದಲು, ಗಂಡಿನ ಕಡೆಯವರಿಗೆ ಕೊಡಲು ಒಂದು ಫೋಟೋ ಬೇಕೆಂದು ಅಪ್ಪ ನನ್ನನ್ನು ನಿಮ್ಮ ಅಣ್ಣನ ಸ್ಟುಡಿಯೋಗೆ ಕರೆದುಕೊಂಡು ಹೋಗಿದ್ದರು. ಚಿಕ್ಕಮ್ಮನ ರೇಷ್ಮೆ ಸೀರೆ, ಮೊಗ್ಗಿನ ಜಡೆ. ಫೋಟೋ ಚೆನ್ನಾಗಿ ಬಂತು. ಎಷ್ಟು ಚೆನ್ನಾಗಿ ಬಂತೆಂದರೆ, ನಿಮ್ಮ ಅಣ್ಣ ಅದನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ರಸ್ತೆಗೆ ಕಾಣುವಂತೆ ಗಾಜಿನ ಷೋಕೇಸಿನಲ್ಲಿ ತೂಗುಹಾಕಿದ. ನಮ್ಮನ್ನು ಒಂದು ಮಾತೂ ಕೇಳಲಿಲ್ಲ.

ಬಸ್ ಸ್ಟ್ಯಾಂಡಿಗೆ ಹೋಗುವ ದಾರಿ ಅದು. ಕಾಲೇಜು ಹುಡುಗರು ಆ ಗಾಜಿನ ಮುಂದೆ ನಿಂತು ತಲೆ ಬಾಚಿಕೊಳ್ಳುತ್ತ ನನ್ನ ಮುಖ ನೋಡುತ್ತಿದ್ದರು. ನನಗೊಂದು ಹೆಸರನ್ನೂ ಇಟ್ಟಿದ್ದರು — ಅದನ್ನು ಇಲ್ಲಿ ಬರೆಯಲಾರೆ. ಮಾತು ಮುಗಿಸಲು ರಾಣೆಬೆನ್ನೂರಿನಿಂದ ಬಂದ ಗಂಡಿನ ಕಡೆಯವರು ಬಸ್ಸಿಳಿದು ಅದೇ ದಾರಿಯಲ್ಲಿ ನಡೆದುಬಂದರು. ಮನೆಯಲ್ಲಿ ಕೂತು, ಇಟ್ಟ ಮಂಡಕ್ಕಿಯನ್ನು ಮುಟ್ಟದೆ, “ಹುಡುಗಿ ಫೋಟೋ ಬೀದ್ಯಾಗ ನೇತಾಡಾಕತ್ತೈತಲ್ರಿ. ನಮ್ಮ ಮನಿಗೆ ಇದು ಸರಿ ಬರಂಗಿಲ್ಲ” ಎಂದು ಎದ್ದು ಹೋದರು.

ಅಪ್ಪ ಕಾರ್ಖಾನೆಯಲ್ಲಿ ಫಿಟ್ಟರ್. ಯಾರ ಜೊತೆಗೂ ದನಿ ಏರಿಸಿದವರಲ್ಲ. ಸ್ಟುಡಿಯೋಗೆ ಹೋಗಿ ಕೈ ಮುಗಿದು, ಫೋಟೋ ತೆಗೆಯಿರಿ ಎಂದು ಕೇಳಿಕೊಂಡರು. ನಾನು ಹೊರಗೆ ಬಾಗಿಲ ಮರೆಯಲ್ಲಿ ನಿಂತಿದ್ದೆ. ನಿಮ್ಮ ಅಣ್ಣ ನಕ್ಕ.

“ಚಂದ ಬಂದೈತೆ ಅಂತ ಹಾಕೀನಿ, ಯಜಮಾನ್ರೇ. ನಿಮ್ಮ ಮಗಳಿಗೆ ಅದ್ರಿಂದ ಏನು ಕಡಿಮಿ ಆತು? ಊರಿಗೆಲ್ಲ ಗೊತ್ತಾಗ್ಲಿ ಬಿಡ್ರಿ, ಗಂಡು ತಾನಾಗೇ ಬರ್ತಾನೆ.”

ಅಪ್ಪ ಮುಗಿದ ಕೈಯನ್ನು ಇಳಿಸಲು ಕೂಡ ಮರೆತು ಹೊರಗೆ ಬಂದರು. ಆಮೇಲೆ ಎಂಟು ತಿಂಗಳು ನಾನು ಆ ಗಾಜಿನ ಹಿಂದೆ ಇದ್ದೆ — ಬಿಸಿಲಿಗೆ ಬಣ್ಣ ಹಾರಿ, ಇನ್ನು ಚಂದ ಕಾಣುವುದಿಲ್ಲ ಎಂದು ಅವನೇ ತೆಗೆಯುವವರೆಗೆ. ಅಪ್ಪ ಆ ರಸ್ತೆಯನ್ನೇ ಬಿಟ್ಟರು. ಸುತ್ತು ಬಳಸಿ ಕೆಲಸಕ್ಕೆ ಹೋಗುತ್ತಿದ್ದರು, ತಪ್ಪು ಮಾಡಿದವರು ತಾವೇ ಅನ್ನುವ ಹಾಗೆ.

ನಾನು ಕಂಪ್ಯೂಟರ್ ಕಲಿತೆ. ದಾವಣಗೆರೆಯಲ್ಲಿ ಮನ್ಸೂರ್ ಸಾಹೇಬರ ಸೆಂಟರಿಗೆ ಸೇರಿದೆ. ಕಲಿಸುವುದು, ಟೈಪು ಮಾಡುವುದು, ಕೊಳ್ಳಲು ಬಂದವರಿಗೆ ಯಾವುದು ಒಳ್ಳೆಯದೆಂದು ತೋರಿಸುವುದು ನನ್ನ ಕೆಲಸ. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಸ್ಟುಡಿಯೋದವರೆಲ್ಲ ಒಬ್ಬೊಬ್ಬರಾಗಿ ಕಂಪ್ಯೂಟರಿನ ಕಡೆ ತಿರುಗುತ್ತಿದ್ದರು. ಇವತ್ತಲ್ಲ ನಾಳೆ ನಿಮ್ಮ ಅಣ್ಣನೂ ಬರುತ್ತಾನೆ ಎಂದು ನನಗೆ ಗೊತ್ತಿತ್ತು. ಕಾದಿದ್ದೆ ಎಂದರೂ ಸುಳ್ಳಲ್ಲ.

ಬಂದ. ನನ್ನೆದುರಿನ ಕುರ್ಚಿಯಲ್ಲೇ ಕೂತ. ನನ್ನ ಮುಖವನ್ನೇ ನೋಡಿ “ನಮಸ್ಕಾರ್ರಿ ಮೇಡಂ” ಎಂದ. ಗುರುತು ಹತ್ತಲಿಲ್ಲ! ದಿನಾ ಬೆಳಿಗ್ಗೆ ಗಾಜು ಒರೆಸುವಾಗ ನೋಡಿದ ಮುಖ — ಈಗ ಕನ್ನಡಕ ಬಂದಿತ್ತು, ಜಡೆ ಹೋಗಿ ತುರುಬಾಗಿತ್ತು, ಅಷ್ಟೇ. ನನ್ನ ಮದುವೆ ಮುರಿದ, ಅಪ್ಪನಿಗೆ ಆ ರಸ್ತೆಯನ್ನೇ ಬಿಡಿಸಿದ ಆ ಮುಖ ಅವನಿಗೆ ಒಂದು ಒಳ್ಳೆಯ ಪ್ರಿಂಟು ಮಾತ್ರ ಆಗಿತ್ತು. ಗುರುತು ಹಿಡಿದು ತಲೆ ತಗ್ಗಿಸಿದ್ದರೆ ಬಹುಶಃ — ಇಲ್ಲ, ಆ ‘ಬಹುಶಃ’ದ ನೆಪ ಬೇಡ.

“ಹುಬ್ಬಳ್ಳ್ಯಾಗ ಒಂದು ಹಳೇ ಕಂಪ್ಯೂಟರ್ ತಗಂಡೀನ್ರಿ, ಒಂದು ಸ್ಕ್ಯಾನರ್ರೂ ಐತೆ. ಫೋಟೋ ತಿದ್ದೋ ಸಾಫ್ಟ್‌ವೇರ್ ಯಾವ್ದು ಹಾಕಿಸ್ಲಿ? ಪಾಸ್‌ಪೋರ್ಟ್ ಫೋಟೋ, ಸ್ಕೂಲ್ ಮಕ್ಕಳ ಐಡಿ ಕಾರ್ಡು, ಮದ್ವಿ ಫೋಟೋ. ಬೇಗ ಬೇಗ ಕೆಲ್ಸ ಆಗ್ಬೇಕು ನೋಡ್ರಿ, ಅದೊಂದೇ ನಂಗೆ.”

ಕಂಪ್ಯೂಟರಿನ ವಿವರ ಬರೆದ ಚೀಟಿಯನ್ನು ಜೇಬಿನಿಂದ ತೆಗೆದುಕೊಟ್ಟ. ಓದಿದೆ. ಓದಿದ ಕೂಡಲೇ ಉತ್ತರ ಗೊತ್ತಾಯಿತು.

ನಮ್ಮಲ್ಲಿ ಆಗ ಎರಡು ಸಾಫ್ಟ್‌ವೇರ್‌ಗಳಿದ್ದವು. ಒಂದು ಚಿಕ್ಕದು. ಹೆಚ್ಚಿನ ಚಮತ್ಕಾರವೇನೂ ಅದಕ್ಕೆ ಬರುತ್ತಿರಲಿಲ್ಲ, ಆದರೆ ಎಂಥ ಹಳೇ ಕಂಪ್ಯೂಟರಿನಲ್ಲೂ ಕಣ್ಣುಮುಚ್ಚಿ ತೆರೆಯುವುದರೊಳಗೆ ಫೋಟೋ ತೆರೆದು, ಬೆಳಕು ಸರಿಮಾಡಿ, ಅಳತೆಗೆ ಕತ್ತರಿಸಿ ಕೊಡುತ್ತಿತ್ತು. ಒಂದು ಫೋಟೋಗೆ ಮಾಡಿದ್ದನ್ನೇ ನೂರು ಫೋಟೋಗೂ ಒಟ್ಟಿಗೆ ಮಾಡುತ್ತಿತ್ತು. ಅವನಿಗೆ ಬೇಕಾಗಿದ್ದದ್ದು ಅಷ್ಟೇ. ಇನ್ನೊಂದು ದೊಡ್ಡದು. ಅದರಲ್ಲಿ ಏನು ಬೇಕಾದರೂ ಮಾಡಬಹುದು, ಆದರೆ ಅದಕ್ಕೆ ತಕ್ಕ ಮೆಮೊರಿ ಇರಬೇಕು. ಆ ಚೀಟಿಯಲ್ಲಿದ್ದ ಕಂಪ್ಯೂಟರಿನಲ್ಲಿ ಅದರ ಕಾಲುಭಾಗವೂ ಇರಲಿಲ್ಲ.

ಅವನನ್ನು ನಮ್ಮ ಸೆಂಟರಿನ ಅತಿ ಒಳ್ಳೆಯ ಕಂಪ್ಯೂಟರಿನ ಮುಂದೆ ಕೂರಿಸಿದೆ. ದೊಡ್ಡದರಲ್ಲಿ ಒಬ್ಬ ಮದುಮಗಳ ಹಿಂದಿನ ಗೋಡೆ ಅಳಿಸಿ ಗುಲಾಬಿ ತೋಟ ತಂದಿಟ್ಟೆ. ಅವನು ಕುರ್ಚಿಯ ತುದಿಗೆ ಬಂದ. ಚಿಕ್ಕದನ್ನು ಬೇಕೆಂದೇ ತಡವರಿಸುತ್ತ ತೋರಿಸಿದೆ.

“ಹಂಗಾರೆ ಯಾವ್ದು ಬೇಗ ಆಗ್ತೈತ್ರಿ?”

“ದೊಡ್ಡದನ್ನೇ ತಗೊಳ್ರಿ. ಚಿಕ್ಕದು ಮಕ್ಕಳ ಆಟ.”

ಹಿಂದಿನ ಮೇಜಿನಿಂದ ಮನ್ಸೂರ್ ಸಾಹೇಬರು ತಲೆಯೆತ್ತಿದರು. “ಅವ್ರ ಕಂಪ್ಯೂಟರಿಗೆ ಚಿಕ್ಕದು ಸಾಕಲ್ಲೇನಮ್ಮಾ?” ಎಂದರು. “ಇಲ್ಲ ಸಾಹೇಬ್ರೇ, ಇವ್ರು ಮುಂದೆ ಬೆಳೆಯೋರು” ಎಂದೆ. ನನ್ನ ಮಾತನ್ನು ಯಾವತ್ತೂ ಅನುಮಾನಿಸದ ಮನುಷ್ಯ. ಮತ್ತೆ ತಮ್ಮ ಕೆಲಸಕ್ಕೆ ತಲೆ ಬಗ್ಗಿಸಿದರು. ನಿಮ್ಮ ಅಣ್ಣ ಉಬ್ಬಿಹೋದ.

ಆಮೇಲಿನ ದಿನಗಳು ನನಗೆ ಎಷ್ಟು ಸಿಹಿಯಾಗಿದ್ದವು — ಇದನ್ನೂ ಹೇಳಿಬಿಡಬೇಕು. ದಿನಾ ಬೆಳಿಗ್ಗೆ ಹರಿಹರದಿಂದ ಬಸ್ಸು ಹತ್ತಿ, ಕಿಟಕಿ ಪಕ್ಕ ಕೂತು, ಅವನನ್ನೇ ಕಣ್ಣಮುಂದೆ ತಂದುಕೊಳ್ಳುತ್ತಿದ್ದೆ. ಒಂದು ಫೋಟೋ ತೆರೆಯಲು ಕೊಟ್ಟಿದ್ದಾನೆ. ಪರದೆಯ ಮೇಲೆ ಮರಳುಗಡಿಯಾರ ಬಂದು ಕೂತಿದೆ. ಡಬ್ಬಿಯೊಳಗೆ ಗರಗರ ಸದ್ದು. ಹೊರಗೆ ಗಿರಾಕಿ ಗೊಣಗುತ್ತಿದ್ದಾನೆ. ಇವನು ಕೈಕಟ್ಟಿ ಕೂತಿದ್ದಾನೆ. ಕಾಯಲಿ. ಎಂಟು ತಿಂಗಳು ಕಾಯಲಿ. ದಾವಣಗೆರೆ ಬಂದದ್ದೇ ಗೊತ್ತಾಗುತ್ತಿರಲಿಲ್ಲ. ಒಂದು ಸಂಜೆ ಪಕ್ಕದ ಮನೆಯವರು, “ಸ್ಕೂಲ್ ತೆಗೆದು ತಿಂಗಳಾತು, ರುದ್ರೇಶ ಮಕ್ಕಳ ಕಾರ್ಡೇ ಕೊಟ್ಟಿಲ್ಲಂತೆ. ಹೆಡ್ ಮೇಷ್ಟ್ರು ಬಂದು ಬೈದು ಹೋದ್ರಂತೆ” ಎಂದರು. ಅವತ್ತು ಒಂದು ರೊಟ್ಟಿ ಹೆಚ್ಚು ತಿಂದೆ.

ಅದಾಗಿ ಕೆಲವು ತಿಂಗಳ ಮೇಲೆ, ಮದುವೆ ಸೀಜನ್ನು ಹತ್ತಿರ ಬಂದಾಗ, ನೀವು ಬಂದಿರಿ.

ಎದೆಗೊತ್ತಿಕೊಂಡ ಒಂದು ನೋಟ್‌ಬುಕ್ಕು, ಬಿಸಿಲಿಗೆ ಕೆಂಪಾದ ಮುಖ. “ಹರಿಹರದ ರುದ್ರೇಶಣ್ಣನ ತಂಗಿ ರೀ ನಾನು, ನಾಗರತ್ನ ಅಂತ. ಅಣ್ಣ ಫೋಟೋ ಹೊಡೀತಾನೆ. ಕಂಪ್ಯೂಟರ್ ಮುಂದೆ ಕೂಡ್ರೋಳು ನಾನು” ಎಂದಿರಿ.

ಆ ಕಂಪ್ಯೂಟರಿನ ಮುಂದೆ ನಾನು ಮನಸ್ಸಿನಲ್ಲಿ ಕೂರಿಸಿಕೊಂಡಿದ್ದದ್ದು ಅವನನ್ನು. ಅಲ್ಲಿ ಇನ್ನೊಬ್ಬರು ಇರಬಹುದು ಎಂದು ಒಂದು ಕ್ಷಣವೂ ಹೊಳೆದಿರಲಿಲ್ಲ.

ನೋಟ್‌ಬುಕ್ ತೆರೆದು ತೋರಿಸಿದಿರಿ. ದುಂಡನೆಯ ಅಕ್ಷರದಲ್ಲಿ ಒಂದೊಂದು ಹೆಜ್ಜೆಯನ್ನೂ ಬರೆದಿದ್ದಿರಿ — ಯಾವುದನ್ನು ಒತ್ತಿದರೆ ಏನಾಗುತ್ತದೆ, ಎಷ್ಟು ನಿಮಿಷ ಹಿಡಿಯುತ್ತದೆ. ಎಲ್ಲಿಯೂ ತಪ್ಪಿರಲಿಲ್ಲ. ಸ್ಕ್ಯಾನ್ ಮಾಡುವಾಗಲೇ ಫೋಟೋವನ್ನು ಚಿಕ್ಕದಾಗಿ ತೆಗೆದುಕೊಂಡರೆ ಕಾಯುವುದು ಸ್ವಲ್ಪ ಕಡಿಮೆಯಾಗುತ್ತದೆ ಎಂದು, ಯಾರೂ ಹೇಳಿಕೊಡದೆ, ನೀವೇ ಕಂಡುಕೊಂಡಿದ್ದಿರಿ. ನಮ್ಮಲ್ಲಿ ಮೂರು ತಿಂಗಳು ಕಲಿತವರಿಗೂ ಅದು ಹೊಳೆದಿರಲಿಲ್ಲ.

“ಎಷ್ಟು ಮಾಡಿದ್ರೂ ದಿನಕ್ಕೆ ಹತ್ತು ಹನ್ನೆಲ್ಡು ಫೋಟೋ ದಾಟಂಗಿಲ್ರಿ ಮೇಡಮ್ಮಾರೇ. ಅಣ್ಣ ಬೈತಾನೆ.” ಬಲಗೈ ಮೇಜಿನ ಮೇಲೆ ಇಟ್ಟಿರಿ. ಮಣಿಕಟ್ಟು ಒಂದು ಕಡೆಗೆ ತಿರುಚಿಕೊಂಡಿತ್ತು. “ನನ್ನ ಕೊಟ್ಟಿದ್ದು ಭಾನುವಳ್ಳಿಗೆ. ಹೋದ ವರ್ಷ ನಮ್ಮನೆಯೋರು ದೂಡಿದ್ರು, ಬಿದ್ದೆ. ಮೂಳೆ ನೆಟ್ಟಗೆ ಕೂಡ್ಲೇ ಇಲ್ಲ. ಅವತ್ತು ಬಿಟ್ಟು ಬಂದೋಳು. ಈ ಕೆಲ್ಸ ಹೊಂದಿಸ್ಕಂಡ್ರೆ ಇಲ್ಲಿರು, ಇಲ್ಲಾಂದ್ರೆ ಗಂಡನ ಮನೀಗೆ ನಡಿ ಅಂದಾನೆ ಅಣ್ಣ. ಈ ಕೈಯಿಂದಾನೇ ನಿಧಾನ ಆಗ್ತೈತೇನ್ರಿ?”

ಚಿಕ್ಕ ಸಾಫ್ಟ್‌ವೇರಿನ ಸಿ.ಡಿ. ನನ್ನ ಮೇಜಿನ ಡ್ರಾಯರಿನಲ್ಲಿತ್ತು. ಕೈ ಚಾಚಿದರೆ ಸಿಗುತ್ತಿತ್ತು. ಇದನ್ನು ಹಾಕಿಕೊಳ್ಳಿ, ನಾಳೆಯಿಂದ ಗಂಟೆಗೆ ಮೂವತ್ತು ಆಗುತ್ತವೆ ಎಂದಿದ್ದರೆ — ಅಷ್ಟೇ. ಆದರೆ ಹಾಗೆ ಕೊಟ್ಟರೆ ಅವನೂ ಉಳಿದುಕೊಳ್ಳುತ್ತಾನೆ. ಇನ್ನೊಂದು ತಿಂಗಳಿಗೆ ಮದುವೆಗಳು. ಆ ಒಂದು ಸೀಜನ್ನು ಅವನು ಊರೆದುರು ತಲೆ ತಗ್ಗಿಸಬೇಕು. ಮದುವೆ ಮನೆಯವರು ಅವನ ಅಂಗಡಿ ಮುಂದೆ ನಿಂತು ಕೂಗಬೇಕು. ಇಷ್ಟು ಹತ್ತಿರ ಬಂದದ್ದನ್ನು ಕೈಬಿಡುವುದೇ — ಹೀಗೆ ಯೋಚಿಸಿದೆ. ನೀವು ಎದುರಿಗಿದ್ದಿರಿ, ನಾನು ನೋಡುತ್ತಿದ್ದದ್ದು ಅವನನ್ನು.

“ಇರಬಹುದು” ಎಂದೆ. “ಅಭ್ಯಾಸ ಮಾಡ್ರಿ. ಕೈ ಓಡಬೇಕು.”

ನೀವು ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿರಿ. “ಉಪಕಾರ ಆತ್ರಿ” ಎಂದಿರಿ. ಬಾಗಿಲ ಹತ್ತಿರ ನಿಂತು, ಇಲ್ಲದ ಮೌಸನ್ನು ಹಿಡಿದವರ ಹಾಗೆ ಬೆರಳುಗಳನ್ನು ಆಡಿಸಿ ನೋಡಿಕೊಂಡು ಹೋದಿರಿ.

ಮದುವೆಗಳು ಮುಗಿದ ಮೇಲೆ ನಿಮ್ಮ ಅಣ್ಣ ಇನ್ನೊಮ್ಮೆ ಬಂದ. ಕಂಪ್ಯೂಟರನ್ನು ಮಾರಬೇಕು, ಯಾರಾದರೂ ಇದ್ದಾರೆಯೇ ಎಂದು ಕೇಳಲು. ಅವನ ಮುಖ ಬಾಡಿತ್ತು. ನಾನು ಮೂರು ವರ್ಷ ಕಾದಿದ್ದ ಮುಖ ಅದೇ. ನಾನು ಯಾರು ಗೊತ್ತೇನು ಎಂದು ಕೇಳಬೇಕು, ಅಪ್ಪನ ಹೆಸರು ಹೇಳಬೇಕು ಎಂದು ಎಷ್ಟೋ ಸಲ ಮನಸ್ಸಿನಲ್ಲೇ ಆಡಿನೋಡಿದ್ದ ಮಾತುಗಳೆಲ್ಲ ನಾಲಿಗೆಯ ತುದಿಗೆ ಬಂದವು. ಅಷ್ಟರಲ್ಲಿ ಅವನೇ ಮಾತಾಡಿದ.

“ನಮ್ಮ ತಂಗಿ ಕೈಲಿ ಆಗ್ಲಿಲ್ರಿ ಮೇಡಂ. ಕೈ ಸರಿ ಇಲ್ದಕ್ಕೇ ನಿಧಾನ ಅಂತ ನೀವೇ ಹೇಳಿದ್ರಂತಲ್ಲ. ಇನ್ನೇನು ಮಾಡೋದು, ಮೊನ್ನೆ ಭಾನುವಳ್ಳಿಗೆ ಬಿಟ್ಟು ಬಂದೆ.”

ನಾನು ಯಾರೆಂದು ಹೇಳಲಿಲ್ಲ. ಹೇಳಿದ್ದರೆ ಉಳಿದದ್ದನ್ನೂ ಹೇಳಬೇಕಾಗುತ್ತಿತ್ತು.

ಆಗಲೂ ಸಮಯ ಮೀರಿರಲಿಲ್ಲ. ಹರಿಹರದಿಂದ ಭಾನುವಳ್ಳಿಗೆ ಬಸ್ಸುಗಳಿದ್ದವು. ಅವನಿಗೆ ನಿಜ ಹೇಳಿ ನಿಮ್ಮನ್ನು ವಾಪಸು ಕರೆಸಬಹುದಿತ್ತು. ಮನ್ಸೂರ್ ಸಾಹೇಬರಿಗೆ ಹೇಳಿದ್ದರೆ ನಮ್ಮ ಸೆಂಟರಿನಲ್ಲೇ ನಿಮಗೊಂದು ಕುರ್ಚಿ ಕೊಡುತ್ತಿದ್ದರು — ನಿಮ್ಮ ಆ ನೋಟ್‌ಬುಕ್ ನೋಡಿದ್ದರೆ ಖಂಡಿತ ಕೊಡುತ್ತಿದ್ದರು. ನಾನು ಏನೂ ಮಾಡಲಿಲ್ಲ. ಎರಡೇ ವರ್ಷದಲ್ಲಿ ನಿಮ್ಮ ಅಣ್ಣ ಹೊಸ ಕಂಪ್ಯೂಟರ್ ತಂದ, ಸ್ಟುಡಿಯೋ ದೊಡ್ಡದು ಮಾಡಿದ. ನನ್ನ ಸೇಡು ಅವನಿಗೆ ಒಂದು ಸೀಜನ್ನಿನ ತಲೆನೋವು. ನಿಮಗೆ —

ನಿಮಗೆ ಅಲ್ಲಿ ಏನೇನಾಯಿತು ನನಗೆ ಗೊತ್ತಿಲ್ಲ. ಕೇಳುವ ಧೈರ್ಯ ಯಾವತ್ತೂ ಬರಲಿಲ್ಲ.

ಕಳೆದ ತಿಂಗಳು ಹರಿಹರದ ಬಸ್ ಸ್ಟ್ಯಾಂಡಿನಲ್ಲಿ ನೀವೇ ನನ್ನನ್ನು ಗುರುತಿಸಿ ಕೈ ಹಿಡಿದುಕೊಂಡಿರಿ. “ಮೇಡಮ್ಮಾರೇ, ಹೆಂಗಿದ್ದೀರ್ರಿ? ಕೂಡ್ರಿ” ಎಂದು ಚೀಲ ಸರಿಸಿ ಜಾಗ ಮಾಡಿದಿರಿ. ಜೊತೆಯಲ್ಲಿ ನಿಮ್ಮ ಮಗಳಿದ್ದಳು, ಕಾಲೇಜಿಗೆ ಹೋಗುವ ವಯಸ್ಸು. ಮೊಬೈಲಿನಲ್ಲಿ ಏನೋ ಫೋಟೋ ತಿದ್ದುತ್ತಿದ್ದವಳು, “ಅಮ್ಮಾ, ಇಲ್ಲಿ ಒತ್ತಿದ್ರೆ ಆತು, ನೀನೇ ಮಾಡಿ ನೋಡು” ಎಂದು ನಿಮ್ಮ ಕಡೆ ಚಾಚಿದಳು. ನೀವು ಕೈಯನ್ನು ಸೆರಗಿನೊಳಕ್ಕೆ ಎಳೆದುಕೊಂಡು ನಕ್ಕಿರಿ.

“ನಂಗ್ ಬ್ಯಾಡ ತಾಯಿ. ಈ ಕೈಗೆ ಅದು ಹತ್ತಂಗಿಲ್ಲ. ಬೇಕಾದ್ರೆ ಈ ಮೇಡಂನ್ನೇ ಕೇಳು, ಅವಾಗ್ಲೇ ಹೇಳಿದ್ರು.”

ನಿಮ್ಮ ಮಗಳು ನನ್ನ ಕಡೆ ನೋಡಿದಳು, ಹೌದೇ ಎಂದು ಕೇಳುವ ಹಾಗೆ. ನಾನು ಹೌದೆನ್ನುವಂತೆ ನಕ್ಕೆ. ಎಷ್ಟೋ ವರ್ಷಗಳ ಮೇಲೆ, ಯಾವ ಸೇಡೂ ಇಲ್ಲದೆ, ಬರೀ ಹೇಡಿತನಕ್ಕೆ ಅದೇ ಸುಳ್ಳನ್ನು ಇನ್ನೊಂದು ಸಲ ಹೇಳಿದೆ. ನಿಮ್ಮ ಭಾನುವಳ್ಳಿ ಬಸ್ಸು ಬಂತು. ಕಿಟಕಿಯಿಂದ ಕೈ ಬೀಸಿ ಹೋದಿರಿ.

ನಿಮ್ಮ ಅಣ್ಣನ ಮೇಲಿನ ಸಿಟ್ಟು ನನಗೆ ಇಂದಿಗೂ ಹೋಗಿಲ್ಲ. ಹೋಗಿದೆ ಎಂದರೆ ಈ ಬರಹವೂ ಸುಳ್ಳಾಗುತ್ತದೆ. ಅವನಿಗೆ ಮಾಡಿದ್ದಕ್ಕೆ ಕ್ಷಮೆ ಕೇಳುವುದಿಲ್ಲ. ನಿಮ್ಮನ್ನೂ ಕ್ಷಮಿಸಿ ಎಂದು ಕೇಳುವುದಿಲ್ಲ — ಅದು ನಿಮ್ಮ ಮೇಲೆ ಇನ್ನೊಂದು ಭಾರ ಹೊರಿಸಿದ ಹಾಗೆ.

ಈ ಬರಹವನ್ನು ಅಂಚೆಗೆ ಹಾಕುವುದಿಲ್ಲ. ಈ ಭಾನುವಾರ ನಾನೇ ಭಾನುವಳ್ಳಿಗೆ ಬರುತ್ತೇನೆ. ನಿಮ್ಮ ಮಗಳು ಮನೆಯಲ್ಲಿರುವ ಹೊತ್ತಿಗೇ ಬರುತ್ತೇನೆ. ನಿಮ್ಮ ಕೈಯಲ್ಲಿ ಯಾವ ದೋಷವೂ ಇರಲಿಲ್ಲ ಎಂದು ಅವಳ ಎದುರಿಗೇ ಹೇಳಬೇಕು. ಯಾಕೆ ಹಂಗೆ ಮಾಡಿದ್ರಿ ಎಂದು ನೀವು ಕೇಳುತ್ತೀರಿ. ಆಗ ನಿಮ್ಮ ಅಣ್ಣನ ಹೆಸರು ಎತ್ತುವುದಿಲ್ಲ. ನನಗೆ ಗೊತ್ತಿತ್ತು, ಆದರೂ ಹೇಳಲಿಲ್ಲ — ಅಷ್ಟನ್ನೇ ಹೇಳಿ ನಿಮ್ಮೆದುರು ನಿಲ್ಲುತ್ತೇನೆ.